ಮೋತಿಯ ಗಂಜಿ

ನಾಯಿಗಳಿಗೆ ಮಾತು ಬಂದಾಗಿನಿಂದ ಎಲ್ಲ ಮನೆಯದೂ ಒಂದೇ ಕಥೆ: ಯಾರು ಬೇಯಿಸಿ ಹಾಕುತ್ತಾರೋ ಅವರೂರಿನ ಕನ್ನಡವೇ ಅವುಗಳ ಬಾಯಿಗೆ ಬರುತ್ತದೆ. ಧಾರವಾಡದ ಗಂಗವ್ವನ ಮನೆಯ ಮೋತಿಗೆ ಈಗ ಕುಂದಾಪುರದ ಸೊಸೆ ಜಲಜಾಕ್ಷಿ ಕುಚ್ಚಲಕ್ಕಿ, ಸಿಹಿಗುಂಬಳದ ಗಂಜಿ ಮಾಡಿ ಹಾಕುತ್ತಿದ್ದಳು.

“ಹ್ವಾಯ್, ಗಂಜಿ ಲಾಯ್ಕ್ ಇತ್ತ್!” ಎಂದಿತು ಮೋತಿ, ತಟ್ಟೆ ನೆಕ್ಕುತ್ತ.

“ಇತ್ತಂದ್ರ? ಈಗಿಲ್ಲೇನು?” ಗಂಗವ್ವ ಗದರಿದಳು.

“ಇತ್ತ್ ಅಂದ್ರೆ ನಿಮ್ಮ ‘ಐತಿ’, ಅತ್ತೆ,” ಎಂದಳು ಜಲಜಾಕ್ಷಿ.

“ನಮ್ಮ ನಾಯಿ ಮಾತು ನಮಗ ತಿಳೀವಲ್ದು ಅಂದ್ರ ಹೆಂಗವಾ? ನಾಳಿಂದ ನಾನ ಜ್ವಾಳದ ನುಚ್ಚು ಮಾಡಿ ಹಾಕ್ತೀನಿ.”

ಜಲಜಾಕ್ಷಿಯ ಮುಖ ಸಪ್ಪಗಾಯಿತು. ಈ ಮನೆಯಲ್ಲಿ ಅವಳಿಗೆ ತನ್ನೂರಿನ ಮಾತು ಕೇಳಿಸುತ್ತಿದ್ದುದು ಮೋತಿಯ ಬಾಯಲ್ಲಿ ಮಾತ್ರ.

“ಗಂಜಿ ಹಾಕೂದೊಂದ್ ನಂಗೇ ಬಿಡಿ, ಅತ್ತೆ. ನಂಗೆ ಮಾತಾಡುಕೆ ಮತ್ಯಾರಿದ್ರ್ ಇಲ್ಲಿ?”

ಗಂಗವ್ವ ಸೊಸೆಯನ್ನು ನೋಡಿದಳು, ಮೋತಿಯನ್ನು ನೋಡಿದಳು. ಆಮೇಲೆ ಒಂದು ತಟ್ಟೆ ತಂದು ನಾಯಿಯ ಪಕ್ಕದಲ್ಲೇ ಚಕ್ಕಂಬಕ್ಕಳ ಹಾಕಿ ಕೂತಳು.

“ನನಗೂ ಒಂದೀಟು ಹಾಕು. ನನ್ನ ಬಾಯಾಗೂ ಬರತೈತೇನೋ ನೋಡೂಣು.”

“ಅಯ್ಯೋ, ನಾಯಿಗ್ ಮಾಡಿದ್ದ್ ಅತ್ತೆ, ಉಪ್ಪಿಲ್ಲ!”

“ಉಪ್ಪು ನಾ ಹಾಕ್ಕೋತೀನಿ. ನೀ ಮಾತು ಕಲಿಸು.”