ಮೊದಲೇ ಇಟ್ಟ ಹೂ

ತೊಡೆಯ ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ, ಅಂಚಿನಲ್ಲಿ ಚೂರು ಉಳಿದಿದೆ ಎಂದು ಹೇಳಿ, ಆಸ್ಪತ್ರೆಯವರು ಎಲ್ಲರಿಗೂ ಕೊಡುವಂತೆ ನನಗೂ ಸಾಯುವ ದಿನದ ಚೀಟಿ ಕೊಟ್ಟರು. ಅಕ್ಟೋಬರ್ ಒಂಬತ್ತು. ಮಗಳ ಹೆರಿಗೆ ಇರುವುದು ಕ್ರಿಸ್‌ಮಸ್‌ಗೆ.

ಮನೆಗೆ ಬಂದವಳೇ ಮೊಮ್ಮಗುವಿನ ಕೌದಿ ಹಿಡಿದು ಕೂತೆ. ನಾವು ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತೇವೆ. ಮುಗಿದ ಮೇಲೆ ನಾಲ್ಕು ಮೂಲೆಗೂ ಬಟ್ಟೆಯ ಹೂ ಇಡುತ್ತೇವೆ. ಹೂವಿಲ್ಲದ ಕೌದಿ ನಮಗೆ ಬೆತ್ತಲೆ. ನಾನು ಹೂಗಳನ್ನು ಮೊದಲೇ ಇಟ್ಟುಬಿಟ್ಟೆ.

"ತಲಿ ಕೆಟ್ಟೈತೇನ್ ವೈನಿ?" ನಾದಿನಿ ಕ್ಲಾರಾ ನಕ್ಕಳು. "ಚೀಟಿ ತಪ್ಪೂ ಆಗಬಹುದಲ್ಲ?"

"ನಿಮ್ಮಣ್ಣಂದು ಒಂದು ದಿನಾನಾದ್ರೂ ತಪ್ಪಿತ್ತೇನ?"

ಅವಳು ಸೂಜಿಗೆ ದಾರ ಪೋಣಿಸಿ ಕೊಟ್ಟಳು.

ಇವತ್ತು ಎಂಟು. ನಾಲ್ಕೂ ಮೂಲೆಯಲ್ಲಿ ಹೂ ಇದೆ. ನಡುವೆ, ಒಂದು ಮಗು ಮಲಗುವಷ್ಟು ಜಾಗ ಹೊಲಿಯದೆ ಉಳಿದಿದೆ.