ಅತ್ತೆ ಕೊರೆದ ಅಕ್ಷರಗಳು

ಮೊನ್ನೆ ಮಗಳು ಕಾದ ತಂತಿಯಲ್ಲಿ ಥರ್ಮಾಕೋಲ್ ಕತ್ತರಿಸುವಾಗ ಎದ್ದ ವಾಸನೆಗೆ ನಾನು ಚಿಕ್ಕವಳಿದ್ದಾಗ ನಾವಿದ್ದ ಸರಸ್ವತಿಪುರಂನ ಬಾಡಿಗೆ ಮನೆಯ ಹಿತ್ತಲು ನೆನಪಾಯಿತು.

ಆಗ ದಟ್ಟಗಳ್ಳಿಯಲ್ಲಿ ಅಪ್ಪ ಕಟ್ಟಿಸಿದ ಮನೆಯ ಗೃಹಪ್ರವೇಶ ಹತ್ತಿರವಾಗಿತ್ತು. ಗಂಡನನ್ನು ಬಿಟ್ಟು ಬಂದು ನಮ್ಮ ಜೊತೆಗಿದ್ದ ಅಪ್ಪನ ಅಕ್ಕ ಮಾತ್ರ, “ನಾನಲ್ಲಿಗೆ ಬರಲ್ಲ ಕಣೋ, ಇಲ್ಲೇ ಒಂದು ರೂಮು ನೋಡ್ಕೋತೀನಿ” ಎನ್ನುತ್ತಿದ್ದಳು. ಮದುವೆ ಮಂಟಪಗಳಿಗೆ ಥರ್ಮಾಕೋಲ್ ಅಕ್ಷರ ಕೊರೆದುಕೊಡುವುದು ಅತ್ತೆಯ ಕೆಲಸ. ಅಪ್ಪ ಹೊಸ ಮನೆಯ ಗೋಡೆಗೆ ಹಾಕುವ ಹೆಸರನ್ನೂ ಅವಳಿಗೇ ಒಪ್ಪಿಸಿದರು. ಆದರೆ ಹೆಸರು ಯಾವುದೆಂದು ಹೇಳದೆ ಒಂದೊಂದೇ ಅಕ್ಷರ ಬರೆದುಕೊಟ್ಟರು.

ಮೊದಲು ‘ದಾ’, ಆಮೇಲೆ ‘ರ’. ತಂತಿ ಸದ್ದಿಲ್ಲದೆ ಒಳಗಿಳಿಯುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಮಳೆಗೆ ಹಾಳಾಗದಿರಲೆಂದು ಅತ್ತೆ ಅವುಗಳಿಗೆ ಗೋಂದು ಕಲಸಿದ ಬಿಳಿ ಸಿಮೆಂಟ್ ಬಳಿದು ಬಿಸಿಲಿಗಿಟ್ಟಳು. ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿದಳು.

“ಮನೆಗೆ ‘ದಾರ’ ಅಂತ ಹೆಸರಿಡ್ತಾರಾ ಅತ್ತೆ?”

“ನಿಮ್ಮಪ್ಪನ್ನೇ ಕೇಳಮ್ಮ” ಎಂದು ಅವಳು ನಕ್ಕಳು.

ಸಂಜೆ ಕಾಫಿ ಹೊತ್ತಿಗೆ ಅಪ್ಪ ಕೊನೆಯ ಅಕ್ಷರ ತಂದುಕೊಟ್ಟರು. ‘ಶಾ’. ನಾನು ಹಿಂದುಮುಂದು ಜೋಡಿಸಿ ಓದಿದೆ. “ಶಾರದಾ. ಇದು ಅತ್ತೆ ಹೆಸರು!”

ಅತ್ತೆ ಅಪ್ಪನತ್ತ ತಿರುಗಿದಳು. “ಜನ ಏನಂದಾರು ಕಣೋ?”

“ಅಕ್ಕನ ಮನೆ ಅಂತಾರೆ” ಎಂದರು ಅಪ್ಪ, ಲೋಟ ಕೆಳಗಿಡುತ್ತಾ.

ಅವಳು ಆ ಕಾಗದವನ್ನು ಥರ್ಮಾಕೋಲ್ ಮೇಲೆ ಅಂಟಿಸಿದಳು. ಆಮೇಲೆ ತಂತಿ ಕಾಯಲು ಬಿಟ್ಟು, ತಲೆಯೆತ್ತದೆ ಕೇಳಿದಳು:

“ಗೋಡೆಗೆ ಯಾವ ಬಣ್ಣ ಹೊಡೆಸಿದೀಯ?”