ಹೆಸರು ಅಂಟಿಸಿದ ಪಾತ್ರೆ

ಮಿನಸೋಟದ ಆ ಪುಟ್ಟ ಊರಿನ ಬ್ಯಾಂಕ್ ಮ್ಯಾನೇಜರ್ ಲೊವೆಲ್, ಟ್ರಸ್ಟಿನ ಎರಡು ಹಾಳೆಯ ಸಾರಾಂಶ ಪತ್ರವನ್ನು ಬೆರಳ ತುದಿಯಿಂದ ಆರ್ಡಿತ್ ಕಡೆಗೇ ತಳ್ಳಿದ. "ಇಷ್ಟು ಸಾಕಾಗಲ್ಲಮ್ಮ. ಪೂರ್ತಿ ಟ್ರಸ್ಟ್ ಪತ್ರ ತೋರಿಸು."

"ತೀರಿಹೋದ ಚಿಕ್ಕಮ್ಮ ಉಯಿಲಿನ ಹಾಗೆ ತನ್ನ ಆಸ್ತಿಗೆ ಮಾಡಿಟ್ಟ ಟ್ರಸ್ಟ್ ಇದೆ, ಖಾತೆ ನಡೆಸೋ ಅಧಿಕಾರ ನನ್ನದು ಅಂತ ಅದರಲ್ಲಿದೆ. ಬ್ಯಾಂಕಿಗೆ ಅಷ್ಟು ಸಾಕು ಅಂತ ಕಾನೂನೇ ಹೇಳತ್ತೆ. ಯಾರಿಗೆ ಏನು ಹೋಗತ್ತೆ ಅನ್ನೋದು ಮನೆ ವಿಷಯ."

"ನಾನೂ ಮನೆಯವನ ಹಾಗೇ ಇದ್ದೆನಲ್ಲ," ಲೊವೆಲ್ ದನಿ ತಗ್ಗಿಸಿದ. "ನನ್ನ ಹೆಸರಿದೆಯೋ ಇಲ್ಲವೋ, ಅಷ್ಟು ಹೇಳು ಸಾಕು."

ಆರ್ಡಿತ್ ಅವನನ್ನೇ ನೋಡಿದಳು. ಭಾನುವಾರಗಳಂದು ಚರ್ಚಿನಿಂದ ನೇರವಾಗಿ ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯ ಪಾತ್ರೆ ಹೊತ್ತು ಚಿಕ್ಕಮ್ಮನ ಮನೆಗೆ ಬಂದು, ಮುದುಕಿ ಒಂದು ತುತ್ತು ನುಂಗುವ ಮೊದಲೇ ಬೆಳ್ಳಿ ಚಮಚಗಳ ಮೇಲೆ, ಕೆರೆದಂಡೆಯ ಜಮೀನಿನ ಮೇಲೆ ಕಣ್ಣಾಡಿಸುತ್ತಿದ್ದ ಮನುಷ್ಯ. ಈಗ ಬ್ಯಾಂಕಿನ ನಿಯಮದ ಮರೆಯಲ್ಲಿ ನಿಂತು ಅದನ್ನೇ ಮಾಡುತ್ತಿದ್ದ. ನಾಚಿಕೆ ಅನ್ನುವುದು ಅವನ ಹತ್ತಿರವೂ ಸುಳಿದಿರಲಿಲ್ಲ.

"ಇದೆ," ಎಂದಳು. "ಒಂದು ಸಾಲು. ಬೇರೆಯವರದ್ದು ಹೇಳಲ್ಲ, ನಿಮ್ಮದು ನಿಮಗೆ ಹೇಳಬಹುದು."

ಲೊವೆಲ್ ಮುಖ ಅರಳಿತು. ಸಾಕಾಗಲ್ಲ ಎಂದಿದ್ದ ಅದೇ ಹಾಳೆಗಳನ್ನು ಎಳೆದುಕೊಂಡು ಮುದ್ರೆ ಒತ್ತಿ, ಸಹಿ ಹಾಕಿಯೇಬಿಟ್ಟ.

ಆರ್ಡಿತ್ ಅವುಗಳನ್ನು ಮಡಚಿಟ್ಟುಕೊಂಡಳು. ಕಾಲ ಬಳಿಯ ಚೀಲದಿಂದ ಗಾಜಿನ ಪಾತ್ರೆಯೊಂದನ್ನು ತೆಗೆದು, ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಪಾತ್ರೆ ತಪ್ಪದೆ ವಾಪಸ್ ಬರಲೆಂದು ತಳದಲ್ಲಿ ಅಂಟಿಸಿದ್ದ ಪಟ್ಟಿಯ ಮೇಲೆ ಅವನದೇ ಕೈಬರಹದಲ್ಲಿ ಅವನ ಹೆಸರಿತ್ತು.

"ಲೊವೆಲ್ ಬಿಟ್ಟುಹೋದ ಪಾತ್ರೆಗಳು ಅವನಿಗೇ, ತೊಳೆದು ಕೊಡಬೇಕು ಅಂತ ಬರೆದಿದ್ದಾಳೆ ಚಿಕ್ಕಮ್ಮ," ಎಂದಳು. "ತೊಳೆದಿದ್ದೀನಿ. ಉಳಿದ ಆರು ಕಾರಲ್ಲಿವೆ."